ನೋವಿಲ್ಲದಿರುವಾಗ ಹಲ್ಲಿನ ತಪಾಸಣೆ: ಅಲ್ಲಿ ಏನೇನು ನಡೆಯುತ್ತದೆ, ನಾವು ಏನನ್ನು ಕೇಳಬೇಕು?

ಪ್ರಶ್ನೆ — ಹಂಪಿನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಕೆನ್ನೆ ಊದಿಕೊಂಡು, ಲವಂಗದ ಎಣ್ಣೆ ಹಚ್ಚಿದರೂ ರಾತ್ರಿ ಕಣ್ಣು ಮುಚ್ಚಲಾಗದ ಸ್ಥಿತಿ ಬಂದಾಗ ಮಾತ್ರ ಹಲ್ಲಿನ ಡಾಕ್ಟರ ಬಳಿಗೆ ಹೋಗುವುದು ನಮ್ಮ ಮನೆಯಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ನೋವಿಲ್ಲದಿರುವಾಗ ತೋರಿಸಿಕೊಂಡು ಬರುವ ಪರಿಪಾಠ ನಮಗಿರಲಿಲ್ಲ. ಈಗ ಅದನ್ನು ಆರಂಭಿಸಬೇಕೆಂದಿದ್ದೇನೆ. ಆದರೆ ಅಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಎಂಬುದು ತಿಳಿಯದೆ ಹೋಗಲು ಮನಸ್ಸು ಹಿಂಜರಿಯುತ್ತಿದೆ.

ಹಿಂಜರಿಕೆಗೆ ಕಾರಣವಿದೆ. ಇತ್ತೀಚೆಗೆ ನಮ್ಮ ಅಪಾರ್ಟ್‌ಮೆಂಟಿನ ಆವರಣದಲ್ಲಿ ಒಂದು ಉಚಿತ ದಂತ ತಪಾಸಣಾ ಶಿಬಿರ ನಡೆಯಿತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಟಾರ್ಚು ಬಿಟ್ಟು ಬಾಯಿ ನೋಡಿದವರು, ನನಗೆ ಐದು ಹಲ್ಲು ಹುಳುಕಾಗಿವೆ, ಎರಡಕ್ಕೆ ರೂಟ್ ಕೆನಾಲ್ ಆಗಲೇಬೇಕು, ಈ ವಾರವೇ ಕ್ಲಿನಿಕ್ಕಿಗೆ ಬಂದರೆ ರಿಯಾಯಿತಿ ಉಂಟು ಎಂದು ನೋಡುನೋಡುತ್ತಿದ್ದಂತೆಯೇ ಚೀಟಿ ಬರೆದುಕೊಟ್ಟರು. ನನಗೆ ಬಿಸಿಗಾಗಲಿ ತಣ್ಣಗಿನದಕ್ಕಾಗಲಿ ಹಲ್ಲು ಜುಮ್ಮೆನ್ನುವುದಿಲ್ಲ, ಅಗಿಯುವಾಗ ನೋವೂ ಇಲ್ಲ. ಹಾಗಾಗಿ ಆ ಚೀಟಿಯನ್ನು ನಂಬಬೇಕೋ ಬಿಡಬೇಕೋ ತೋಚುತ್ತಿಲ್ಲ. ನನ್ನ ಹುಟ್ಟೂರು ಪಾವಗಡದ ಕಡೆಯದು, ಹತ್ತನೆಯ ತರಗತಿಯವರೆಗೂ ಅಲ್ಲಿಯೇ ಬೆಳೆದವನು ಎಂಬುದನ್ನೂ ಹೇಳಿಬಿಡುತ್ತೇನೆ; ಹಲ್ಲಿನ ಮೇಲೆ ಕಂದು ಗೆರೆಗಳು ಚಿಕ್ಕಂದಿನಿಂದಲೇ ಇವೆ.

ಮನೆಯಲ್ಲಿ ತಾಯಿಯವರಿದ್ದಾರೆ. ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಉಂಟು, ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ, ಮೇಲ್ದವಡೆಗೆ ಕಟ್ಟಿಸಿದ ಹಲ್ಲುಸೆಟ್ಟು ಇದೆ. ಮಗಳು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ; ಅವಳ ಮುಂದಿನ ಹೊಸ ಹಲ್ಲುಗಳು ಒಂದರಿಂದ ಒಂದು ದೂರ ಸರಿದು ಹುಟ್ಟಿವೆ. ಮೂವರನ್ನೂ ಒಮ್ಮೆ ತೋರಿಸುವ ಆಲೋಚನೆಯಿದೆ. ತಪಾಸಣೆಯಲ್ಲಿ ನಿಜವಾಗಿ ಏನೇನು ಮಾಡುತ್ತಾರೆ, ಎಕ್ಸ್-ರೇ ಕಡ್ಡಾಯವೇ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವುದು ನಿಜವೇ, ಎಷ್ಟು ತಿಂಗಳಿಗೊಮ್ಮೆ ಹೋಗಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ — ಜಯನಗರದ ದಂತವೈದ್ಯೆ

ನಮಸ್ಕಾರ. ಒಸಡಿನ ಚಿಕಿತ್ಸೆ ನನ್ನ ವಿಶೇಷ ವಿಷಯವಾದ್ದರಿಂದ ಆ ಭಾಗದಲ್ಲಿ ಮಾತು ಸ್ವಲ್ಪ ಉದ್ದವಾದೀತು, ತಾಳ್ಮೆಯಿರಲಿ.

ಮೊದಲು ಆ ಚೀಟಿಯ ವಿಚಾರ. ಟಾರ್ಚಿನ ಬೆಳಕಿನಲ್ಲಿ ನೋಡಿ ಒಂದು ಹಲ್ಲಿಗೆ ರೂಟ್ ಕೆನಾಲ್ ಆಗಲೇಬೇಕು ಎಂದು ತೀರ್ಮಾನಿಸಲು ಬರುವುದಿಲ್ಲ. ಹಲ್ಲಿನ ಒಳತಿರುಳು ಜೀವಂತವಾಗಿದೆಯೇ ಎಂದು ತಿಳಿಯಲು ತಣ್ಣಗೆ ಮಾಡಿದ ಹತ್ತಿಯನ್ನು ತಾಗಿಸಿ, ಹಲ್ಲು ಝಳುಕುತ್ತದೆಯೇ, ಹತ್ತಿ ತೆಗೆದ ಮೇಲೂ ಆ ಝಳುಕು ಉಳಿಯುತ್ತದೆಯೇ ಎಂದು ನೋಡಬೇಕು. ಉಪಕರಣದ ಹಿಡಿಯಿಂದ ಹಲ್ಲಿನ ನೆತ್ತಿಗೆ ಮೆಲ್ಲನೆ ತಟ್ಟಿ, ಪಕ್ಕದ ಹಲ್ಲಿನೊಡನೆ ಹೋಲಿಸಬೇಕು. ಬೇರಿನ ತುದಿ ಪೂರ್ತಿಯಾಗಿ ಕಾಣುವ ಎಕ್ಸ್-ರೇ ತೆಗೆಯಬೇಕು. ಇಷ್ಟನ್ನೂ ಮಾಡದೆ ಬರೆದ ಚೀಟಿಯನ್ನು ಚಿಕಿತ್ಸೆಯ ಆದೇಶವೆಂದು ಭಾವಿಸುವ ಅಗತ್ಯವಿಲ್ಲ. ಆದರೆ ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಹರಿದೆಸೆಯಲೂ ಬೇಡಿ. ಹಲ್ಲಿನ ಹೊರಪದರವಾದ ಎನಾಮೆಲ್‌ನಲ್ಲಿ ನರಗಳಿಲ್ಲ. ಹುಳುಕು ಆ ಪದರದಲ್ಲಿರುವಷ್ಟು ಕಾಲ ಹಲ್ಲು ಸುಮ್ಮನಿರುತ್ತದೆ. ಒಳಗಿನ ಡೆಂಟಿನ್ ಪದರಕ್ಕೆ ಇಳಿದ ಮೇಲೆ ಸಿಹಿಗೋ ತಂಪಿಗೋ ಜುಮ್ಮೆನ್ನಲು ಶುರುವಾಗುತ್ತದೆ, ಕೆಲವರಿಗೆ ಅದೂ ಆಗುವುದಿಲ್ಲ. ತಿರುಳು ಸತ್ತುಹೋದ ಹಲ್ಲು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಬೇರಿನ ತುದಿಯಲ್ಲಿ ಮೂಳೆಯನ್ನು ಕರಗಿಸುತ್ತಿರಬಹುದು. ನೋವು ಬರುವ ಮೊದಲಿನ ಈ ಅವಧಿಯಲ್ಲಿ ತೊಂದರೆಯನ್ನು ಹಿಡಿಯುವುದಕ್ಕಾಗಿಯೇ ತಪಾಸಣೆ ಇರುವುದು.

ಇನ್ನು ತಪಾಸಣೆಯ ಕ್ರಮ. ಬಾಯಿ ತೆರೆಯುವ ಮೊದಲೇ ಅದು ಆರಂಭವಾಗಬೇಕು. ಯಾವ ಕಾಯಿಲೆಗಳಿವೆ, ಯಾವ ಮಾತ್ರೆ ನುಂಗುತ್ತೀರಿ, ಯಾವ ಔಷಧ ಒಗ್ಗುವುದಿಲ್ಲ, ಹೊಗೆಸೊಪ್ಪು ಅಥವಾ ಅಡಿಕೆಯ ಅಭ್ಯಾಸ ಇದೆಯೇ ಎಂದು ಕೇಳದ ವೈದ್ಯರಿಗೆ ನೀವಾಗಿಯೇ ಹೇಳಬೇಕು. ಬಳಿಕ ಕತ್ತಿನ ಗ್ರಂಥಿಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ, ಕಿವಿಯ ಮುಂದಿನ ದವಡೆ ಕೀಲಿನ ಮೇಲೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲು ಹೇಳುತ್ತಾರೆ. ಆಮೇಲೆ ತುಟಿಯ ಒಳಬದಿ, ಎರಡೂ ಕೆನ್ನೆಗಳ ಒಳಪದರ, ಅಂಗುಳು. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ಅದರ ಅಂಚುಗಳನ್ನೂ, ನಾಲಿಗೆಯ ಕೆಳಗಿನ ಜಾಗವನ್ನೂ ನೋಡಬೇಕು. ಈ ಭಾಗವನ್ನು ಯಾರೂ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ವರ್ಗೀಕರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಮತ್ತಷ್ಟು ಹೆಚ್ಚು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲೆಯನ್ನೂ ಹೊಗೆಸೊಪ್ಪನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿ ಅಗಿಯುವವರನ್ನು ನಾವು ದಿನವೂ ನೋಡುತ್ತೇವೆ. ಅಂಥವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ಗಡುಸಾಗಿ, ಸಾರಿನ ಖಾರಕ್ಕೂ ಬಾಯಿ ಉರಿಯಲು ತೊಡಗಿ, ಕ್ರಮೇಣ ಬಾಯಿ ಅಗಲಿಸಲು ಆಗದಂತಾಗುತ್ತದೆ. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ತೂರಿಸಲು ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೂ ಅಷ್ಟೆ.

ನಂತರ ಒಸಡು. ಇದಕ್ಕೆ ಬಳಸುವ ಪ್ರೋಬ್ ಎಂಬ ಸಣ್ಣ ಸಲಾಕೆಯ ತುದಿ ಮೊಂಡಾಗಿರುತ್ತದೆ, ಅದರ ಮೈಮೇಲೆ ಮಿಲಿಮೀಟರ್ ಗೆರೆಗಳಿರುತ್ತವೆ. ಹಲ್ಲು ಮತ್ತು ಒಸಡು ಸೇರುವಲ್ಲಿ ಎಲ್ಲರಿಗೂ ಒಂದು ಸಣ್ಣ ಸಂದು ಇರುತ್ತದೆ. ಆ ಸಂದಿನೊಳಗೆ ಪ್ರೋಬನ್ನು ಹಗುರವಾಗಿ ಇಳಿಸಿ, ಹಲ್ಲಿನ ಸುತ್ತ ನಡೆಸಿಕೊಂಡು ಹೋಗಿ ಆಳವನ್ನು ಅಳೆಯುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದು ರಕ್ತ ಬಾರದಿದ್ದರೆ ಒಸಡು ಆರೋಗ್ಯವಾಗಿದೆ. 4 ಅಥವಾ ಅದಕ್ಕಿಂತ ಹೆಚ್ಚಾದರೆ ಒಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತಿದೆಯೇ ಎಂದು ಗಮನಿಸಬೇಕು. 5, 6 ಎಂದು ಅಂಕೆ ಏರುತ್ತಾ ಹೋದಂತೆ ಒಳಗಿನ ಮೂಳೆ ಕರಗಿರುವ ಸಾಧ್ಯತೆಯೂ ಏರುತ್ತದೆ. ಮೊದಲ ಸುತ್ತಿನಲ್ಲಿ ಸಂಶಯ ಬಂದರೆ ಪ್ರತಿ ಹಲ್ಲಿಗೂ ಆರು ಕಡೆ ಅಳೆದು ಬರೆದಿಡುತ್ತಾರೆ. ವೈದ್ಯರು ‘ಮೂರು, ಎರಡು, ಐದು, ರಕ್ತ’ ಎಂದು ಹೇಳುತ್ತಾ ಹೋಗುವುದು, ಸಹಾಯಕರು ಬರೆದುಕೊಳ್ಳುವುದು ನಿಮ್ಮ ಕಿವಿಗೆ ಬಿದ್ದರೆ ಅಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಿರಿ. ನಡುವೆ ‘ಮೂವತ್ತಾರು’, ‘ಹದಿನಾಲ್ಕು’ ಎಂಬ ಅಂಕೆಗಳೂ ಬರುತ್ತವೆ, ಅವು ಹಲ್ಲಿನ ಸಂಖ್ಯೆಗಳು: ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕೆಯಿಂದ ಭಾಗವನ್ನೂ ಎರಡನೆಯದರಿಂದ ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಸೂಚಿಸುತ್ತಾರೆ. ಮೂವತ್ತಾರು ಎಂದರೆ ಕೆಳದವಡೆಯ ಎಡಬದಿಯ ಆರನೆಯ ಹಲ್ಲು. ನಿಮ್ಮ ಚೀಟಿಯಲ್ಲಿ ಇಂಥ ಸಂಖ್ಯೆಗಳಿವೆಯೇ ಎಂದು ನೋಡಿ. ಇಲ್ಲದಿದ್ದರೆ ಯಾವ ಐದು ಹಲ್ಲು ಎಂಬುದೇ ಅದರಲ್ಲಿ ಇಲ್ಲ ಎಂದಾಯಿತು.

ಒಸಡಿನ ಕಾಯಿಲೆಯೂ ನೋಯಿಸುವುದಿಲ್ಲ. ಹಲ್ಲುಜ್ಜುವಾಗ ರಕ್ತ ಬಂದರೆ ಜನ ಬ್ರಷ್ ಗಟ್ಟಿಯಾಯಿತು ಎಂದುಕೊಂಡು ಆ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ, ಅಲ್ಲಿ ಪಾಚಿ ಇನ್ನಷ್ಟು ಕಟ್ಟುತ್ತದೆ, ರಕ್ತ ಹೆಚ್ಚುತ್ತದೆ. ಕೊನೆಗೆ ಹಲ್ಲು ಅಲುಗಾಡತೊಡಗಿದಾಗ ಬರುತ್ತಾರೆ, ಅಷ್ಟರಲ್ಲಿ ಹಿಡಿದು ನಿಲ್ಲಿಸಬೇಕಾದ ಮೂಳೆಯೇ ಉಳಿದಿರುವುದಿಲ್ಲ. ಹುಳುಕಿಲ್ಲದ, ನೋಡಲು ಗಟ್ಟಿಮುಟ್ಟಾದ ಹಲ್ಲುಗಳನ್ನು ಈ ಕಾರಣಕ್ಕೆ ಕೀಳಬೇಕಾಗಿ ಬರುವುದು ನನಗೆ ಬಹಳ ಸಂಕಟದ ಕೆಲಸ.

ಹಲ್ಲುಗಳ ಪರೀಕ್ಷೆ ಕೊನೆಗೆ ಬರುತ್ತದೆ. ಹಲ್ಲನ್ನು ಗಾಳಿ ಊದಿ ಒಣಗಿಸಿ ನೋಡುವುದು ಇಲ್ಲಿ ಮುಖ್ಯ, ಏಕೆಂದರೆ ಆರಂಭದ ಹುಳುಕು ಸುಣ್ಣದಂಥ ಮಂಕು ಬಿಳಿ ಮಚ್ಚೆಯಾಗಿರುತ್ತದೆ, ಎಂಜಲಿನ ತೇವವಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಆ ಹಂತದಲ್ಲಿ ಕೊರೆಯುವ ಅಗತ್ಯವಿಲ್ಲ. ಫ್ಲೋರೈಡ್ ಪೇಸ್ಟಿನಿಂದ ಚೆನ್ನಾಗಿ ಉಜ್ಜಿ, ಸಿಹಿ ತಿನ್ನುವ ಸಲಗಳನ್ನು ಕಡಿಮೆ ಮಾಡಿದರೆ ಮಚ್ಚೆ ಅಲ್ಲಿಗೇ ನಿಲ್ಲಬಹುದು, ಗಟ್ಟಿಯಾಗಲೂಬಹುದು. ಅಗಿಯುವ ಹಲ್ಲಿನ ಗೀರುಗಳಲ್ಲಿ ಕಪ್ಪು ಗೆರೆ ಕಂಡ ಮಾತ್ರಕ್ಕೆ ಅದು ಹುಳುಕಲ್ಲ, ಕಾಫಿ–ಟೀಯ ಕಲೆಯೂ ಅಲ್ಲಿ ಕೂರುತ್ತದೆ. ಚೂಪಾದ ಸಲಾಕೆಯಿಂದ ಆ ಗೀರನ್ನು ಬಲವಾಗಿ ಚುಚ್ಚಿ ನೋಡುವ ಹಳೆಯ ಪದ್ಧತಿಯನ್ನು ಈಗ ಹೇಳಿಕೊಡುವುದಿಲ್ಲ, ಮೆತ್ತಗಾಗಿದ್ದರೂ ಇನ್ನೂ ಒಡೆಯದಿರುವ ಎನಾಮೆಲ್ ಅದರಿಂದಲೇ ಒಡೆಯಬಹುದು.

ಉತ್ತರ — ಪಾವಗಡ ಮೂಲದವರು, ಈಗ ಬನಶಂಕರಿ

ಪ್ರಶ್ನೆ ಕೇಳಿದವರು ನಮ್ಮ ಕಡೆಯವರೇ ಎಂದು ತಿಳಿದು ಇಷ್ಟನ್ನು ಬರೆಯುತ್ತಿದ್ದೇನೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದ ಬಹಳ ಜನರ ಹಲ್ಲುಗಳ ಮೇಲೆ ಸುಣ್ಣದ ಬಣ್ಣದ ಮಚ್ಚೆಗಳೂ ಕಂದು ಪಟ್ಟೆಗಳೂ ಇರುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5ರವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ನಮ್ಮೂರುಗಳ ಎಷ್ಟೋ ಕೊಳವೆಬಾವಿಗಳು ಅದನ್ನು ಮೀರಿದ್ದವು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಆ ನೀರು ಕುಡಿದದ್ದರಿಂದ ಕಲೆ ಹಲ್ಲಿನ ಜೊತೆಗೇ ಹುಟ್ಟುತ್ತದೆ, ಆಮೇಲೆ ಬೆಂಗಳೂರಿಗೆ ಬಂದು ಕಾವೇರಿ ನೀರು ಕುಡಿದರೂ ಹೋಗುವುದಿಲ್ಲ.

ನಾನು ಹೇಳಬೇಕಾದದ್ದು ಇದು: ಅವಸರದಲ್ಲಿ ನೋಡಿದವರಿಗೆ ಈ ಕಂದು ಕಲೆ ಹುಳುಕಿನಂತೆ ಕಾಣುತ್ತದೆ. ನನಗೂ ಒಂದು ಕಡೆ ಮುಂದಿನ ನಾಲ್ಕು ಹಲ್ಲುಗಳನ್ನು ಕೊರೆದು ತುಂಬಬೇಕು ಎಂದಿದ್ದರು, ಇನ್ನೊಬ್ಬ ವೈದ್ಯರು ಹಲ್ಲು ಒಣಗಿಸಿ, ಮೇಲ್ಮೈ ನುಣುಪಾಗಿ ಗಟ್ಟಿಯಾಗಿರುವುದನ್ನು ಕನ್ನಡಿಯಲ್ಲಿ ನನಗೇ ತೋರಿಸಿ, ಎರಡೂ ಬದಿಯ ಹಲ್ಲುಗಳಲ್ಲಿ ಒಂದೇ ಬಗೆಯ ಪಟ್ಟೆಗಳಿರುವುದರಿಂದ ಇದು ಫ್ಲೋರೋಸಿಸ್, ಕೊರೆಯುವುದೇನೂ ಬೇಡ ಎಂದರು. ನೀವು ತಪಾಸಣೆಗೆ ಕೂರುವಾಗಲೇ ಊರಿನ ಹೆಸರನ್ನೂ, ಎಷ್ಟು ವಯಸ್ಸಿನವರೆಗೆ ಅಲ್ಲಿದ್ದಿರಿ ಎಂಬುದನ್ನೂ ಹೇಳಿಬಿಡಿ. ಐದರಲ್ಲಿ ಕೆಲವು ಈ ಲೆಕ್ಕಕ್ಕೆ ಸೇರಿರಲೂ ಸಾಕು.

ಉತ್ತರ — ನಿವೃತ್ತ ಶುಶ್ರೂಷಕಿ, ಚಾಮರಾಜಪೇಟೆ

ನಿಮ್ಮ ತಾಯಿಯವರ ವಿಷಯಕ್ಕೆ ಯಾರೂ ಇನ್ನೂ ಬಂದಿಲ್ಲವಾದ್ದರಿಂದ ಅದನ್ನು ನಾನು ಬರೆಯುತ್ತೇನೆ. ಅವರನ್ನು ಕರೆದುಕೊಂಡು ಹೋಗುವಾಗ ಮಾತ್ರೆಗಳ ಹೆಸರನ್ನು ನೆನಪಿನ ಮೇಲೆ ಬಿಡದೆ, ಮಾತ್ರೆಯ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರ ಜೊತೆಗೆ ಸಕ್ಕರೆಯ ಇತ್ತೀಚಿನ ವರದಿ, ಅದರಲ್ಲೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇರಲಿ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಒಸಡಿನ ಸೋಂಕು ಬೇಗ ಹೆಚ್ಚುತ್ತದೆ, ಒಸಡಿನ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಎರಡೂ ಒಂದನ್ನೊಂದು ಕೆಡಿಸುತ್ತವೆ. ಬೆಳಗಿನ ಸಮಯ ಕೇಳಿ ತೆಗೆದುಕೊಳ್ಳಿ. ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿಯೇ ಹೋಗಬೇಕು; ಹಲ್ಲಿನ ಡಾಕ್ಟರ ಬಳಿಗೆ ಹೋಗುವುದೆಂದು ಹಸಿದ ಹೊಟ್ಟೆಯಲ್ಲಿ ಹೋಗಿ, ಕುರ್ಚಿಯ ಮೇಲೆಯೇ ಸಕ್ಕರೆ ಇಳಿದು ಬೆವತು ನಡುಗುವ ಹಿರಿಯರನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬರೀ ತಪಾಸಣೆಗೆ ಅದನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಹಲ್ಲು ಕೀಳಬೇಕಾಗಿ ಬಂದರೂ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ವೈದ್ಯರು ಮತ್ತು ದಂತವೈದ್ಯರು ಮಾತಾಡಿಕೊಂಡು ಹೇಳಬೇಕು, ವಾರ್ಫರಿನ್ ನುಂಗುವವರಾದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ವರದಿ ಕೇಳುತ್ತಾರೆ. ಕೃತಕ ಕವಾಟ ಹಾಕಿಸಿಕೊಂಡವರಿಗೆ ಕ್ಲೀನಿಂಗಿಗೂ ಮೊದಲೇ ಒಂದು ಡೋಸ್ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ಆದ್ದರಿಂದ ಹೃದಯದ ತೊಂದರೆ ಎಂದಷ್ಟೇ ಹೇಳದೆ ಯಾವ ತೊಂದರೆ ಎಂಬುದನ್ನು ಬಿಡಿಸಿ ಹೇಳಿ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಕೆಲವರಲ್ಲಿ ಒಸಡನ್ನು ಉಬ್ಬಿಸುತ್ತದೆ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಮಾತ್ರೆಯನ್ನೋ ವರ್ಷಕ್ಕೊಮ್ಮೆ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುವವರು ಅದನ್ನು ಹೇಳಲು ಮರೆಯಲೇಬಾರದು, ಏಕೆಂದರೆ ಅಂಥವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಉಳಿಯುತ್ತದೆ.

ಹಲ್ಲುಸೆಟ್ಟನ್ನು ತೆಗೆದು ತೋರಿಸಲು ನಮ್ಮ ಹೆಂಗಸರು ನಾಚಿಕೊಳ್ಳುತ್ತಾರೆ. ಅದರಡಿಯ ಅಂಗುಳನ್ನೇ ಮುಖ್ಯವಾಗಿ ನೋಡಬೇಕಾದ್ದರಿಂದ ಮನೆಯಲ್ಲಿಯೇ ತಿಳಿಹೇಳಿ ಕರೆದೊಯ್ಯಿರಿ. ರಾತ್ರಿಯೂ ತೆಗೆಯದೆ ಮಲಗುವವರಿಗೆ ಅಂಗುಳು ಕೆಂಪಗೆ ಕೆರಳಿರುತ್ತದೆ, ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಸೆಟ್ಟು ಸಡಿಲವಾಗಿ ಒಂದೇ ಕಡೆ ಒರೆಸುತ್ತಿದ್ದರೆ ಅದನ್ನು ಸರಿಪಡಿಸಿಕೊಡುತ್ತಾರೆ.

ಎಲ್ಲಿಗೆ ಹೋಗಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಕ್ಟೋರಿಯಾ ಆಸ್ಪತ್ರೆಯ ಬಳಿ, ಕೋಟೆಯಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ನಿಮ್ಮ ವಿಜಯನಗರ ಕಡೆಯಿಂದಾದರೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ವಿ.ವಿ. ಪುರ, ಜೆ.ಪಿ. ನಗರ ಮೊದಲಾದೆಡೆ ಖಾಸಗಿ ದಂತ ಕಾಲೇಜುಗಳೂ ಇವೆ. ಅಲ್ಲಿ ವಿದ್ಯಾರ್ಥಿಗಳು ನೋಡಿದ್ದನ್ನು ಅಧ್ಯಾಪಕರು ಮತ್ತೊಮ್ಮೆ ನೋಡಿ ಸಹಿ ಮಾಡಬೇಕಾದ್ದರಿಂದ ಅರ್ಧ ದಿನ ಹಿಡಿಯುತ್ತದೆ. ಆದರೆ ಖರ್ಚು ಕಡಿಮೆ, ಮತ್ತು ಅವಸರವಿಲ್ಲದೆ ಎಲ್ಲ ಹಲ್ಲುಗಳನ್ನೂ ಎಣಿಸಿ ಬರೆಯುತ್ತಾರೆ. ನಿಮ್ಮ ಚೀಟಿಯ ಬಗ್ಗೆ ಎರಡನೆಯ ಅಭಿಪ್ರಾಯ ಪಡೆಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಹಂಪಿನಗರ ನಿವಾಸಿ

ಮೂವರಿಗೂ ಕೃತಜ್ಞತೆಗಳು. ಚೀಟಿಯನ್ನು ತೆಗೆದು ನೋಡಿದೆ, ಹಲ್ಲಿನ ಸಂಖ್ಯೆಗಳು ಅದರಲ್ಲಿಲ್ಲ, ಒಟ್ಟು ಮೊತ್ತ ಮಾತ್ರ ಇದೆ. ಮೊದಲು ಕೋಟೆಯ ಕಾಲೇಜಿಗೆ ನಾನೊಬ್ಬನೇ ಹೋಗಿ ಬರುವುದೆಂದು ನಿರ್ಧರಿಸಿದ್ದೇನೆ. ದಂತವೈದ್ಯೆಯವರು ದಯವಿಟ್ಟು ಕ್ಲೀನಿಂಗ್, ಎಕ್ಸ್-ರೇ ಮತ್ತು ಮಗಳ ವಿಚಾರವನ್ನೂ ತಿಳಿಸಿಕೊಡಬೇಕು. ಮುಂದಿನ ಹಲ್ಲುಗಳ ನಡುವೆ ಸಂದು ಇರುವುದರಿಂದ ಈಗಲೇ ತಂತಿ ಹಾಕಿಸಿ ಎಂದು ನೆಂಟರೆಲ್ಲ ಒತ್ತಾಯಿಸುತ್ತಿದ್ದಾರೆ.

ಉತ್ತರ — ಜಯನಗರದ ದಂತವೈದ್ಯೆ

ಮಗಳಿಂದಲೇ ಆರಂಭಿಸುತ್ತೇನೆ. ಏಳೆಂಟು ವರ್ಷದ ಮಕ್ಕಳಲ್ಲಿ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡು ನಡುವೆ ಸಂದು ಬಿಟ್ಟು ಹುಟ್ಟುವುದು ಬಹುಮಟ್ಟಿಗೆ ಸಹಜ. ದವಡೆಯೊಳಗೆ ಇಳಿಯುತ್ತಿರುವ ಕೋರೆಹಲ್ಲುಗಳು ಆ ಬೇರುಗಳನ್ನು ಒತ್ತುತ್ತಿರುತ್ತವೆ; ಹನ್ನೊಂದು ಹನ್ನೆರಡರ ಹೊತ್ತಿಗೆ ಕೋರೆಹಲ್ಲು ಮೂಡಿದಾಗ ಎಷ್ಟೋ ಮಕ್ಕಳಲ್ಲಿ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹಲ್ಲುಗಳು ಕಚ್ಚುವಾಗ ಅಡ್ಡಕ್ಕೆ ಸಿಕ್ಕಿಕೊಳ್ಳುತ್ತಿವೆಯೇ, ಯಾವ ಹಲ್ಲಾದರೂ ಹುಟ್ಟದೆ ಉಳಿದಿದೆಯೇ ಎಂದು ನೋಡಿಸಿ, ಅಷ್ಟು ಸಾಕು. ಸಂದು ಕಂಡಿತೆಂದು ಈಗಲೇ ತಂತಿ ಬೇಡ.

ಅವಳ ಬಾಯಲ್ಲಿ ನೀವು ಕಾಳಜಿ ವಹಿಸಬೇಕಾದ ಹಲ್ಲು ಬೇರೆಯೇ ಇದೆ. ಆರನೆಯ ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ನಾಲ್ಕು ದೊಡ್ಡ ದವಡೆಹಲ್ಲುಗಳು ಹುಟ್ಟುತ್ತವೆ. ಏನೂ ಬೀಳದೆ ಬಂದದ್ದರಿಂದ ಹೆತ್ತವರು ಅವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ, ಹುಳುಕಾದರೂ ಬಿದ್ದು ಬೇರೆ ಬರುತ್ತದೆ ಎಂದು ಸುಮ್ಮನಿರುತ್ತಾರೆ. ಅವು ಜೀವನಪರ್ಯಂತ ಇರಬೇಕಾದ ಹಲ್ಲುಗಳು, ಮತ್ತೆ ಬರುವುದಿಲ್ಲ. ಅವುಗಳ ಮೇಲಿನ ಗೀರುಗಳು ಆಳವಾಗಿದ್ದರೆ, ಕೊರೆಯದೆಯೇ, ಒಂದು ತೆಳುವಾದ ದ್ರವವನ್ನು ಸುರಿದು ಬೆಳಕಿನಿಂದ ಗಟ್ಟಿಯಾಗಿಸಿ ಮುಚ್ಚುವ ಸೀಲೆಂಟ್ ಎಂಬ ಚಿಕಿತ್ಸೆಯಿದೆ. ನೋವಿಲ್ಲ, ಇಂಜೆಕ್ಷನ್ ಇಲ್ಲ. ತಪಾಸಣೆಯ ದಿನ ಇದನ್ನು ನೀವೇ ಕೇಳಿ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳಬೇಕು. ರಾತ್ರಿ ಉಜ್ಜಿದ ಮೇಲೆ ಹಾಲೂ ಸೇರಿದಂತೆ ಏನನ್ನೂ ಕೊಡಬಾರದು. ಮತ್ತೊಂದು ವಿನಂತಿ: ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ ಎಂದು ಮನೆಯಲ್ಲಿ ಯಾರೂ ಹೆದರಿಸದಿರಲಿ. ನೋವಿಲ್ಲದ ದಿನ ಬಂದು, ಕನ್ನಡಿ ಹಿಡಿದು ತನ್ನ ಹಲ್ಲನ್ನು ತಾನೇ ಎಣಿಸಿ ಹೋದ ಮಗು ಮುಂದಿನ ಸಲ ತಾನಾಗಿ ಬಾಯಿ ತೆರೆಯುತ್ತದೆ.

ಕ್ಲೀನಿಂಗಿನಿಂದ ಹಲ್ಲು ಸಡಿಲವಾಗುವುದಿಲ್ಲ. ಹಲ್ಲಿನ ಮೇಲೆ ಕಟ್ಟಿದ ಪಾಚಿಗೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿಕೊಂಡು, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹೊಪ್ಪಳಿಕೆಯಂತೆ ಗಟ್ಟಿಯಾಗುತ್ತದೆ. ಕೆಳಗಿನ ಬಾಚಿಹಲ್ಲುಗಳ ಹಿಂಬದಿಯಲ್ಲಿ ಇದು ಹೆಚ್ಚು, ಏಕೆಂದರೆ ಎಂಜಲಿನ ಗ್ರಂಥಿಯ ನಾಳ ಅಲ್ಲಿಯೇ ನಾಲಿಗೆಯ ಕೆಳಗೆ ತೆರೆದುಕೊಳ್ಳುತ್ತದೆ. ಒಮ್ಮೆ ಗಟ್ಟಿಯಾದರೆ ಬ್ರಷ್ಷಿಗೆ ಅದು ಬಗ್ಗುವುದಿಲ್ಲ. ಅತಿವೇಗವಾಗಿ ಕಂಪಿಸುವ ಉಪಕರಣವನ್ನು ತಾಗಿಸಿ, ನೀರು ಚಿಮ್ಮಿಸುತ್ತಾ ಒಡೆದು ತೆಗೆಯಬೇಕು. ವರ್ಷಾನುಗಟ್ಟಲೆ ಕಟ್ಟಿದ ಕಿಟ್ಟ ಹಲ್ಲುಗಳ ನಡುವಿನ ಸಂದುಗಳನ್ನು ತುಂಬಿರುತ್ತದೆ. ಅದನ್ನು ತೆಗೆದಾಗ ಸಂದು ಬಯಲಾಗುತ್ತದೆ, ಊದಿದ್ದ ಒಸಡು ಇಳಿದು ಬೇರಿನ ಭಾಗ ಸ್ವಲ್ಪ ಕಾಣುತ್ತದೆ, ಕೆಲವು ದಿನ ತಂಪು ತಾಗಿದರೆ ಜುಮ್ಮೆನ್ನುತ್ತದೆ. ಮೂಳೆ ಮೊದಲೇ ಕರಗಿದ್ದವರಿಗೆ ಹಲ್ಲು ಅಲುಗುವುದು ಆಗ ಗೊತ್ತಾಗುತ್ತದೆ. ಕ್ಲೀನಿಂಗೇ ಕಾರಣ ಎಂಬ ನಂಬಿಕೆ ಹುಟ್ಟಿದ್ದು ಹೀಗೆ. ಕ್ಲೀನಿಂಗ್ ಮತ್ತು ಹಲ್ಲು ಬೆಳ್ಳಗಾಗಿಸುವ ಬ್ಲೀಚಿಂಗ್ ಬೇರೆ ಬೇರೆ ಎಂಬುದನ್ನೂ ಗಮನಿಸಿ. ಎರಡನೆಯದು ಅಲಂಕಾರದ ವಿಷಯ, ತಪಾಸಣೆಗೆ ಅದು ಸೇರುವುದಿಲ್ಲ.

ಎಕ್ಸ್-ರೇಯನ್ನು ಬಾಯಿ ಪರೀಕ್ಷಿಸಿದ ಮೇಲೆ, ಇಂಥ ಕಾರಣಕ್ಕೆ ಎಂದು ಹೇಳಿ ತೆಗೆಯಬೇಕು. ಒಳಗೆ ಬಂದವರಿಗೆಲ್ಲ ಮೊದಲೇ ತೆಗೆಯುವುದು ಸರಿಯಾದ ಕ್ರಮವಲ್ಲ. ಎರಡು ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುವ ಜಾಗದ ಹುಳುಕು ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಹಲ್ಲಿನಿಂದ ಕಚ್ಚಿ ಹಿಡಿದು ತೆಗೆಸಿಕೊಳ್ಳುವ ಬೈಟ್‌ವಿಂಗ್ ಎಂಬ ಸಣ್ಣ ಎಕ್ಸ್-ರೇ ಬೇಕು. ಅದರ ವಿಕಿರಣ ಸುಮಾರು 0.005 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ಆ ಒಂದು ಚಿತ್ರ ಒಂದು ದಿನದ ಸಹಜ ವಿಕಿರಣವನ್ನೂ ಮೀರುವುದಿಲ್ಲ. ಮಗಳಿಗೂ ಅಗತ್ಯ ಬಿದ್ದರೆ ತೆಗೆಸಲು ಅಂಜಬೇಕಿಲ್ಲ. ಗರ್ಭಿಣಿಯರು ಮಾತ್ರ ಮೊದಲೇ ತಿಳಿಸಬೇಕು.

ಎಷ್ಟು ತಿಂಗಳಿಗೊಮ್ಮೆ ಎಂಬುದಕ್ಕೆ ಎಲ್ಲರೂ ಆರು ತಿಂಗಳು ಎನ್ನುತ್ತಾರೆ. ಅದು ಎಲ್ಲರಿಗೂ ಒಪ್ಪುವ ಅಳತೆಯಲ್ಲ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದೊಡ್ಡವರಿಗೆ 3ರಿಂದ 24 ತಿಂಗಳು, ಹದಿನೆಂಟರೊಳಗಿನವರಿಗೆ 3ರಿಂದ 12 ತಿಂಗಳು ಎಂದು, ಆಯಾ ವ್ಯಕ್ತಿಯ ಅಪಾಯವನ್ನು ನೋಡಿ ಅಂತರವನ್ನು ಗೊತ್ತುಮಾಡಲು ಹೇಳುತ್ತದೆ. ನನಗೆ ಇದು ಸರಿಯೆನಿಸುತ್ತದೆ. ಸಕ್ಕರೆ ಕಾಯಿಲೆಯಿರುವ ನಿಮ್ಮ ತಾಯಿಯವರನ್ನು ಮೂರು ನಾಲ್ಕು ತಿಂಗಳಿಗೊಮ್ಮೆಯೂ, ಹೊಸ ಹಲ್ಲು ಬರುತ್ತಿರುವ ಮಗಳನ್ನು ಆರು ತಿಂಗಳಿಗೊಮ್ಮೆಯೂ ನೋಡಬೇಕೆಂದು ನಾನಾದರೆ ಹೇಳುತ್ತಿದ್ದೆ. ನಿಮ್ಮ ಅಂತರ ಎಷ್ಟೆಂಬುದು ಆ ಒಸಡಿನ ಅಂಕೆಗಳು ಕೈಗೆ ಬಂದ ಮೇಲೆ ತಿಳಿಯುತ್ತದೆ.

ಉತ್ತರ — ಮಲ್ಲೇಶ್ವರದ ಓದುಗ

ವೈದ್ಯೆಯವರು ಹೇಳಿದ್ದಕ್ಕೆ ರೋಗಿಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಕುರ್ಚಿಯ ಮೇಲೆ ಮಲಗಿಕೊಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡಿರುವಾಗ ಯಾವುದಕ್ಕೂ ಒಪ್ಪಿಗೆ ಕೊಡಬೇಡಿ. ಎದ್ದು ಕೂತ ಮೇಲೆ, ಯಾವ ಸಂಖ್ಯೆಯ ಹಲ್ಲಿಗೆ ಏನಾಗಿದೆ, ಈಗಲೇ ಮಾಡಬೇಕೋ ಕೆಲವು ತಿಂಗಳು ಕಾದು ನೋಡಬಹುದೋ, ಮಾಡದಿದ್ದರೆ ಏನಾದೀತು, ಒಂದೊಂದಕ್ಕೂ ಎಷ್ಟು ಖರ್ಚು ಎಂಬುದನ್ನು ಬರೆಸಿಕೊಳ್ಳಿ, ಎಕ್ಸ್-ರೇಯ ಪ್ರತಿಯನ್ನು ನಿಮ್ಮ ಫೋನಿಗೆ ಕಳಿಸಲು ಹೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.

ಉಪಕರಣಗಳ ಸ್ವಚ್ಛತೆಯನ್ನೂ ಕೇಳಬಹುದು. ಆಟೋಕ್ಲೇವ್‌ನಲ್ಲಿ 121 ಅಥವಾ 134 ಡಿಗ್ರಿ ಉಷ್ಣತೆಯ ಹಬೆಯಲ್ಲಿ ಶುದ್ಧಗೊಳಿಸಿದ ಉಪಕರಣಗಳು ಮುಚ್ಚಿದ ಪೊಟ್ಟಣದಲ್ಲಿರುತ್ತವೆ. ಪೊಟ್ಟಣದ ಮೇಲಿನ ಗುರುತಿನ ಬಣ್ಣ ಬದಲಾಗಿರುವುದನ್ನು ನೋಡಿ, ನಿಮ್ಮ ಎದುರಿಗೇ ಅದನ್ನು ಹರಿಯಲು ಹೇಳಿ. ವೈದ್ಯರು ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ನೋಂದಣಿ ಸಂಖ್ಯೆಯನ್ನು ಸಾಮಾನ್ಯವಾಗಿ ಗೋಡೆಯ ಮೇಲೆಯೋ ಚೀಟಿಯ ಮೇಲೆಯೋ ಹಾಕಿರುತ್ತಾರೆ. ಶಿಬಿರದ ಚೀಟಿಯಲ್ಲಿ ಅದು ಇದೆಯೇ ಎಂದು ಒಮ್ಮೆ ನೋಡಿ ಇಲ್ಲಿ ತಿಳಿಸಿ.

ಹಂಪಿನಗರ ನಿವಾಸಿ

ನೋಡಿದೆ. ವೈದ್ಯರ ಹೆಸರಾಗಲಿ ನೋಂದಣಿ ಸಂಖ್ಯೆಯಾಗಲಿ ಇಲ್ಲ. ಬರುವ ಸೋಮವಾರ ಬೆಳಿಗ್ಗೆ ಕೋಟೆಗೆ ಹೋಗುತ್ತಿದ್ದೇನೆ. ಒಸಡಿನ ಅಂಕೆಗಳನ್ನೂ, ಆ ಐದು ಹಲ್ಲುಗಳ ಬಗ್ಗೆ ಅಲ್ಲಿ ಏನು ಹೇಳಿದರು ಎಂಬುದನ್ನೂ ಇಲ್ಲಿಯೇ ಬರೆಯುತ್ತೇನೆ.